ಹಚ್ಚುವವರು ಬಹಳ, ಒರೆಸುವವರು ವಿರಳ

ಬೈಕಿನ ಯಜಮಾನ ಎಂಥ ಆಸಾಮಿ ಎಂದು ತಿಳಿಯಬೇಕಾದರೆ ಅವನ ಹೆಲ್ಮೆಟ್ಟು, ಗಾಗಲ್ಸು, ಟ್ಯಾಂಕಿನ ಮೇಲಿನ ಸ್ಟಿಕ್ಕರು ನೋಡಿ ಮರುಳಾಗಬೇಡಿ. ನೇರವಾಗಿ ಹಿಂದಕ್ಕೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಹಿಂದಿನ ಚಕ್ರದ ಎಡಮಗ್ಗುಲನ್ನು ನೋಡಿ. ರಿಮ್ಮಿನ ಮೇಲೆ ಕಪ್ಪು ಚುಕ್ಕಿ, ಟೈರಿನ ಗೋಡೆಗೆ ಕಪ್ಪು ಗೆರೆ, ಸ್ವಿಂಗ್ ಆರ್ಮಿಗೆ ಬೆರಳು ಮುಳುಗುವಷ್ಟು ಜಿಡ್ಡು. ಇಷ್ಟು ಕಂಡರೆ ಆಸಾಮಿ ಬಲು ಪ್ರೀತಿಯ ಮನುಷ್ಯ, ಆದರೆ ಪ್ರೀತಿಯನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಅರಿಯದವನು ಅಂತ ಧೈರ್ಯವಾಗಿ ಹೇಳಬಹುದು. ಮಗಳಿಗೆ ವರ ಹುಡುಕುವವರು ಸ್ಯಾಲರಿ ಸ್ಲಿಪ್ಪಿನ ಜೊತೆಗೆ ಇದನ್ನೂ ಒಮ್ಮೆ ಪರಿಶೀಲಿಸುವುದು ಕ್ಷೇಮ.

ನಮ್ಮ ಬೀದಿಯ ಮೂಲೆಮನೆ ಹುಡುಗನನ್ನೇ ತೆಗೆದುಕೊಳ್ಳಿ. ಭಾನುವಾರ ಬೆಳಗಾಯಿತೆಂದರೆ ಬೈಕನ್ನು ಪ್ಯಾಡಕ್ ಸ್ಟ್ಯಾಂಡಿಗೆ ಏರಿಸಿ, ಚೈನ್ ಲೂಬ್ ಡಬ್ಬಿಯನ್ನು ಗರಗರ ಅಲುಗಾಡಿಸಿ, ಬಾಯಿಗೆ ಕೆಂಪು ನಳಿಕೆ ಸಿಕ್ಕಿಸಿ ಬುಸ್ಸೆಂದು ಶುರುಮಾಡುತ್ತಾನೆ. ಒಂದು ಸುತ್ತು. ಇನ್ನೊಂದು ಸುತ್ತು. ‘ಇರಲಿ’ ಅಂತ ಮತ್ತೊಂದು. ಚೈನು ನೊರೆಗಟ್ಟಿ ತೊಟತೊಟ ಸೋರುವಾಗ ಅವನ ಮುಖದಲ್ಲಿ ಎಂಥದೋ ಸಾರ್ಥಕತೆ. ಐದೇ ನಿಮಿಷಕ್ಕೆ ಜಾಕೆಟ್ ಏರಿಸಿ ನಂದಿಬೆಟ್ಟಕ್ಕೆ ಹೊರಟೇಬಿಡುತ್ತಾನೆ. ವಾಪಸು ಬರುವ ಹೊತ್ತಿಗೆ ಚೈನು ಒಣಒಣ; ಲೂಬೆಲ್ಲ ಚಕ್ರದ ಮೇಲೆ, ನಂಬರ್ ಪ್ಲೇಟಿನ ಮೇಲೆ, ಎಡಗಾಲಿನ ಜೀನ್ಸಿನ ಮೇಲೆ. ‘ಈ ಬ್ರಾಂಡ್ ಸರಿಯಿಲ್ಲ ಅಂಕಲ್, ಬೇರೆ ತರಿಸ್ತೀನಿ’ ಅನ್ನುತ್ತಾನೆ. ಮುಂದಿನ ಭಾನುವಾರ ಇನ್ನೂ ದುಬಾರಿ ಡಬ್ಬಿ, ಅದೇ ಮೂರು ಸುತ್ತು.

ಪಾಪ, ಡಬ್ಬಿಯದೇನು ತಪ್ಪು? ಲೆಕ್ಕ ಹಾಕಿ ನೋಡಿ. ಮುಂದಿನ ಸ್ಪ್ರಾಕೆಟ್ಟಿಗೆ 14 ಹಲ್ಲು, ಹಿಂದಿನದಕ್ಕೆ 42, ಕೊಂಡಿಯಿಂದ ಕೊಂಡಿಗೆ 15.875 ಮಿ.ಮೀ. ಅಂತಿಟ್ಟುಕೊಳ್ಳೋಣ. ಬೈಕು ಗಂಟೆಗೆ 60 ಕಿ.ಮೀ. ಓಡುವಾಗ ಚೈನು ಓಡುವುದು ಅದರ ಮೂರನೇ ಒಂದು ಪಾಲು, ಸುಮಾರು 20 ಕಿ.ಮೀ. ವೇಗದಲ್ಲಿ. ‘ಇಷ್ಟೇನಾ’ ಅನ್ನಬೇಡಿ. ಅದೇ ವೇಗದಲ್ಲಿ ಅದು ಮೂರೂವರೆ ಸೆಂಟಿಮೀಟರ್ ತ್ರಿಜ್ಯದ ಪುಟಾಣಿ ಸ್ಪ್ರಾಕೆಟ್ಟನ್ನು ಗಿರಕ್ಕೆಂದು ಸುತ್ತಿ ಬರಬೇಕು. ಆ ತಿರುವಿನಲ್ಲಿ ಕೊಂಡಿಯ ಮೇಲೆ ಕೂತ ಎಣ್ಣೆಹನಿಯನ್ನು ಹೊರಕ್ಕೆ ಎಸೆಯುವ ಬಲ ಅದರ ತೂಕದ ಸುಮಾರು 90 ಪಟ್ಟು! ಹಿಂದಿನ ದೊಡ್ಡ ಸ್ಪ್ರಾಕೆಟ್ಟಿನಲ್ಲಿ ಸುಮಾರು 30 ಪಟ್ಟು. ವೇಗ ಇಮ್ಮಡಿಯಾದರೆ ಎಸೆತ ನಾಲ್ಮಡಿ. ಮುಂದೆ ಎಸೆದದ್ದು ಸ್ಪ್ರಾಕೆಟ್ ಕವರಿನೊಳಗೆ ಮೆಕ್ಯಾನಿಕ್ಕು ಸ್ಕ್ರೂ ಡ್ರೈವರಿನಲ್ಲಿ ಕೆರೆದು ತೆಗೆಯುವ ಮಸಿಯಾಗುತ್ತದೆ. ಹಿಂದೆ ಎಸೆದದ್ದಕ್ಕೆ ಚಕ್ರವೇ ಗತಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಂಟೆಗೆ 10 ಕಿ.ಮೀ. ತೆವಳುವಾಗ ಮುಂದಿನ ಆ 90 ಪಟ್ಟು ಎರಡೂವರೆಗೆ ಇಳಿದುಬಿಡುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಬೈಕಿನ ಹಿಂದಿನ ಚಕ್ರಕ್ಕೆ.

ಇಷ್ಟಕ್ಕೂ ಎಣ್ಣೆ ಬೇಕಾಗಿರುವುದು ಎಲ್ಲಿಗೆ? ಹಾನ್ಸ್ ರೆನಾಲ್ಡ್ ಎಂಬಾತ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೂತು ಈ ರೋಲರ್ ಚೈನನ್ನು ಕಂಡುಹಿಡಿದ. ಒಳಗೊಂದು ಪಿನ್ನು, ಅದರ ಮೇಲೊಂದು ಬುಷ್ಷು, ಅದರ ಮೇಲೆ ಉರುಳುವ ರೋಲರು. ಸವೆಯುವುದೆಲ್ಲ ಈ ಮೂರರ ನಡುವೆ. ಈಗಿನ ಓ-ರಿಂಗ್ ಚೈನುಗಳಲ್ಲಿ ಪಿನ್ನಿಗೂ ಬುಷ್ಷಿಗೂ ನಡುವಿನ ಗ್ರೀಸನ್ನು ಕಾರ್ಖಾನೆಯವರೇ ತುಂಬಿ, ಎರಡೂ ಕಡೆ ರಬ್ಬರ್ ಉಂಗುರ ಹಾಕಿ ಬಾಗಿಲು ಮುಚ್ಚಿರುತ್ತಾರೆ. ನೀವು ಹೊರಗಿನಿಂದ ಡಬ್ಬಿಗಟ್ಟಲೆ ಸುರಿದರೂ ಅಲ್ಲಿಗೆ ಪ್ರವೇಶವಿಲ್ಲ. ಹೊರಗೆ ಬೇಕಾಗಿರುವುದು ರೋಲರಿಗೊಂದು ತೆಳು ಪದರ, ರಬ್ಬರ್ ಉಂಗುರ ಒಣಗದಷ್ಟು ಪಸೆ, ಪಟ್ಟಿಗಳಿಗೆ ತುಕ್ಕು ಹಿಡಿಯದಷ್ಟು ಕಾವಲು. ಅಷ್ಟೆ. ಕಣ್ಣಿಗೆ ಕಾಣುವಷ್ಟು ದಪ್ಪಗೆ ಕೂತದ್ದೆಲ್ಲ ಹೆಚ್ಚುವರಿ, ಹಾರಲು ಕಾದು ಕೂತದ್ದು. ಹಾರದೆ ಉಳಿದರೆ ಇನ್ನೂ ಕೇಡು: ಬಯಲುಸೀಮೆಯ ಧೂಳನ್ನೆಲ್ಲ ಅಂಟಿಸಿಕೊಂಡು, ನಯವಾಗಿಸಬೇಕಾದ್ದನ್ನೇ ಅರೆಯುತ್ತ ಕೂರುತ್ತದೆ.

ನಮ್ಮ ಜನಕ್ಕೆ ನರಕ ಚತುರ್ದಶಿಯ ಅಭ್ಯಂಜನ ರಕ್ತದಲ್ಲೇ ಬಂದಿದೆ. ನೆತ್ತಿಗೆ ಒತ್ತಿದ ಎಣ್ಣೆ ಅಂಗಾಲಿನವರೆಗೆ ಇಳಿಯದಿದ್ದರೆ ಸಮಾಧಾನವಿಲ್ಲ. ಚೈನಿಗೂ ಅದೇ ಮರ್ಯಾದೆ. ಆದರೆ ಎಣ್ಣೆ ಹಚ್ಚಿದ ಮೇಲೆ ಸೀಗೆಪುಡಿ ಹಿಡಿದು ಚರ್ಮ ಕಿತ್ತುಬರುವ ಹಾಗೆ ಉಜ್ಜುವ ಅಜ್ಜಿಯೊಬ್ಬಳಿರುತ್ತಿದ್ದಳಲ್ಲ, ಅವಳನ್ನು ಮಾತ್ರ ಈ ಪೂಜೆಗೆ ಯಾರೂ ಕರೆಯುವುದಿಲ್ಲ.

ಮೈಸೂರಿನವರಿಗೆ ಈ ತಾಪತ್ರಯ ಹಿಂದೆ ಇರಲೇ ಇಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆದದ್ದು ಅಲ್ಲೇ. ಆ ಹಳೇ ಜಾವಾದ ಚೈನು ಹೊರಗಿನವರಿಗೆ ದರ್ಶನವನ್ನೇ ಕೊಡುತ್ತಿರಲಿಲ್ಲ: ಹಿಂದೆ ತಗಡಿನ ಪೆಟ್ಟಿಗೆ, ಅಲ್ಲಿಂದ ಮುಂದಕ್ಕೆ ಎರಡು ರಬ್ಬರ್ ಕೊಳವೆ. ಮಳೆ ಬರಲಿ, ಕೆಸರು ಬರಲಿ, ಚೈನು ತಣ್ಣಗೆ ಒಳಗೆ. ಎಣ್ಣೆ ಹಾರಿದರೂ ಒಳಗೇ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ಕ್ಕೂ ಪೂರ್ತಿ ಕವರು. ಆಮೇಲೆ ನಮ್ಮ ಹುಡುಗರಿಗೆ ‘ಸ್ಪೋರ್ಟಿ ಲುಕ್’ ಹತ್ತಿಕೊಂಡಿತು. ಗ್ಯಾರೇಜಿಗೆ ಹೋಗಿ ದುಡ್ಡು ಕೊಟ್ಟು ಚೈನ್ ಕವರ್ ಬಿಚ್ಚಿಸಿದರು. ಬಿಚ್ಚಿಸಿದ ಮೇಲೆ ಧೂಳು ಕೂತಿತು. ಧೂಳಿಗೆ ಕ್ಲೀನರ್ ಡಬ್ಬಿ, ಕ್ಲೀನರಿನ ಹಿಂದೆ ಲೂಬ್ ಡಬ್ಬಿ, ಲೂಬು ಹಾರಿದ್ದಕ್ಕೆ ರಿಮ್ ತೊಳೆಯುವ ಇನ್ನೊಂದು ಡಬ್ಬಿ. 2018ರಲ್ಲಿ ಮರಳಿ ಬಂದ ಜಾವಾದಲ್ಲೂ ಚೈನು ಬಯಲಿನಲ್ಲೇ ಇದೆ. ಮುಚ್ಚಿಟ್ಟರೆ ಡಬ್ಬಿ ಮಾರುವವರು ಹೊಟ್ಟೆ ಹೊರೆಯುವುದು ಹೇಗೆ ಸ್ವಾಮಿ?

ಸರ್ಕಾರ ಮಾತ್ರ ಹಿಂಬದಿ ಸವಾರರನ್ನು ಮರೆತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚಬೇಕು ಅನ್ನುತ್ತದೆ. ನಾವು ಸೀರೆ ಗಾರ್ಡ್ ಅನ್ನುವುದು ಅದಕ್ಕೇ. ಸೆರಗು ಸಿಕ್ಕಿಕೊಳ್ಳುವುದನ್ನು ಅದು ತಪ್ಪಿಸುತ್ತದೆ, ಸರಿ. ಆದರೆ ನಮ್ಮ ಹೆಂಗಸರು ಒಂದೇ ಬದಿಗೆ ಕಾಲು ಬಿಟ್ಟು ಕೂರುವುದು ಎಡಕ್ಕೆ, ಚೈನಿರುವುದೂ ಎಡಕ್ಕೆ. ಕಂಬಿ ಕಂಬಿಯ ನಡುವಿನಿಂದ ಹಾರುವ ಹನಿಯನ್ನು ತಡೆಯುವ ನಿಯಮ ಯಾವುದೂ ಇಲ್ಲ. ಮದುವೆಮನೆಗೆ ಹೊರಟ ಮೈಸೂರು ಸಿಲ್ಕ್ ಸೀರೆಯ ಅಂಚಿನಲ್ಲಿ, ಜರಿಯ ಪಕ್ಕಕ್ಕೆ ಒಂದು ಸಾಲು ಕಪ್ಪು ಬುಟ್ಟಾ ಮೂಡಿದ ದಿನ ಆ ಮನೆಯ ಗಂಡಸು ಇಡೀ ಊಟದಲ್ಲಿ ಹೋಳಿಗೆಯ ಕಡೆ ಕಣ್ಣೆತ್ತಿ ನೋಡಿರುವುದಿಲ್ಲ.

ಸೀರೆಗಾದರೆ ಡ್ರೈ ಕ್ಲೀನಿಂಗ್ ಉಂಟು, ಮೂಳೆಗಿಲ್ಲ. ಚೈನು ಎಡಕ್ಕಿರುವುದರಿಂದ ಹನಿ ಬೀಳುವುದು ಟೈರಿನ ಎಡ ಅಂಚಿಗೆ. ನೆಟ್ಟಗೆ ಓಡುವಾಗ ಅದು ನೆಲ ಮುಟ್ಟುವುದೇ ಇಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಆಗುಂಬೆ ಘಾಟಿಯ ಹೇರ್‌ಪಿನ್ನುಗಳಲ್ಲಿ ಎಡಕ್ಕೆ ಬೈಕು ಒರಗಿಸಿದಿರೋ, ಟೈರು ನೆಲಕ್ಕೆ ಒಡ್ಡುವುದು ಸರಿಯಾಗಿ ಆ ಜಿಡ್ಡಿನ ಭಾಗವನ್ನೇ. ಟೈರಿಗೆ ಬಿದ್ದದ್ದು ಕಂಡರೆ ಪಾತ್ರೆ ತೊಳೆಯುವ ಸೋಪು, ನೀರು ಹಾಕಿ ತಿಕ್ಕಿ ತೊಳೆಯಿರಿ. ಪೆಟ್ರೋಲು ಬೇಡ, ರಬ್ಬರಿಗೆ ಅದು ಆಗಿಬರುವುದಿಲ್ಲ.

ಇನ್ನು ಆಯುಧಪೂಜೆಯ ಹಿಂದಿನ ದಿನ ಗ್ಯಾರೇಜುಗಳ ಮುಂದೆ ನಿಂತು ನೋಡಬೇಕು. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಒಂದು ಡಬ್ಬದಲ್ಲಿ, ಅದರಲ್ಲಿ ಕೂದಲುದುರಿದ ಪೇಂಟ್ ಬ್ರಷ್ಷು. ಬಂದ ಬೈಕಿಗೆಲ್ಲ ಎರಡೆರಡು ಎಳೆತ. ಆ ಎಣ್ಣೆಯಲ್ಲಿ ಸವೆದ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಬೀದಿ ತಿರುವು ದಾಟುವಷ್ಟರಲ್ಲಿ ರಿಮ್ಮಿನ ಮೇಲೆ. ಮರುದಿನ ಅದೇ ಚಕ್ರಕ್ಕೆ ಅರಿಸಿನ, ಕುಂಕುಮ, ಹೂವು. ದೃಷ್ಟಿ ತಾಗದಿರಲೆಂದು ನಿಂಬೆಹಣ್ಣು ಬೇರೆ. ಅಷ್ಟು ಕಪ್ಪು ಬಳಿದುಕೊಂಡಿರುವ ಚಕ್ರಕ್ಕೆ ದೃಷ್ಟಿಯಾದರೂ ಯಾರದು ತಾಗೀತು?

ಸರಿಯಾದ ಕ್ರಮ ಬಲು ಸಪ್ಪೆ, ಅದಕ್ಕೇ ಯಾರಿಗೂ ರುಚಿಸುವುದಿಲ್ಲ. ಹೊರಡುವ ಮುಂಚೆ ಅಲ್ಲ, ಓಡಿಸಿ ಬಂದ ಮೇಲೆ ಹಚ್ಚಬೇಕು. ಚೈನು ಬೆಚ್ಚಗಿದ್ದರೆ ಲೂಬು ಸಂದಿಗೆ ಇಳಿಯುತ್ತದೆ. ಎಂಜಿನ್ ಆಫ್, ಗೇರು ನ್ಯೂಟ್ರಲ್, ಚಕ್ರವನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿ. ಗೇರಿಗೆ ಹಾಕಿ ಎಂಜಿನ್ನಿನಿಂದ ತಿರುಗಿಸುವ ಜಾಣರು ಬೆರಳೆಣಿಕೆಯನ್ನು ಆಗಾಗ ಪರಿಶೀಲಿಸಿಕೊಳ್ಳಲಿ. ಮೊದಲು ಸೀಮೆಎಣ್ಣೆಯನ್ನೋ ಚೈನ್ ಕ್ಲೀನರನ್ನೋ ಮೆತ್ತನೆ ಬ್ರಷ್ಷಿಗೆ ಹಾಕಿ ಕೊಳೆ ತೆಗೆಯಿರಿ. ತಂತಿ ಬ್ರಷ್ಷು ಓ-ರಿಂಗನ್ನು ಹರಿದುಹಾಕುತ್ತದೆ. ಲೂಬು ಹಾಕುವುದು ಕೆಳಸಾಲಿನ ಒಳಮೈಗೆ. ಚೈನು ತಿರುಗುವಾಗ ಅದು ಹೊರಕ್ಕೆ ಹೊರಡುವುದಂತೂ ಖಂಡಿತ. ಹೊರಡುವ ದಾರಿಯಲ್ಲಿ ರೋಲರನ್ನಾದರೂ ಹಾದುಹೋಗಲಿ. ಚೈನಿಗೂ ಟೈರಿಗೂ ನಡುವೆ ಒಂದು ರಟ್ಟು ಹಿಡಿಯಿರಿ. ಇದಕ್ಕೆ ಈಗಿನ ಲಗ್ನಪತ್ರಿಕೆಗಳಿಗಿಂತ ಒಳ್ಳೆಯದು ಇಲ್ಲ: ದಪ್ಪ, ನುಣುಪು, ಮಡಿಸಿದರೂ ಬಾಗುವುದಿಲ್ಲ. ಗಣಪತಿಯಿರುವ ಪುಟವನ್ನು ಮಾತ್ರ ಮೊದಲೇ ಕತ್ತರಿಸಿ ತೆಗೆದಿಡಿ. ಒಂದೇ ಸುತ್ತು, ಸಾಕು.

ಆಮೇಲೆ ಬಿಟ್ಟುಬಿಡಿ. ಸ್ಪ್ರೇಯಲ್ಲಿರುವ ತೆಳು ದ್ರಾವಕ ಲೂಬನ್ನು ಸಂದಿಗೆ ಹೊತ್ತೊಯ್ದು, ತಾನು ಆವಿಯಾಗಿ, ಅಂಟನ್ನು ಹಿಂದೆ ಉಳಿಸಬೇಕು. ಐದು ನಿಮಿಷದಲ್ಲಿ ಹೊರಟರೆ ಅದಿನ್ನೂ ನೀರುನೀರು. ರಾತ್ರಿಯಿಡೀ ಬಿಟ್ಟರೆ ಉತ್ತಮ. ಡಬ್ಬಿಯ ದುಡ್ಡಿಲ್ಲದವರಿಗೆ 90 ನಂಬರಿನ ಗೇರ್ ಆಯಿಲ್ಲೂ ಆಗುತ್ತದೆ. ಅದು ಹಾರುವುದು ಜಾಸ್ತಿ, ಒರೆಸುವುದೂ ಜಾಸ್ತಿ.

ಬೆಳಿಗ್ಗೆ ಎದ್ದು ಹಳೇ ಬನಿಯನ್ನಿನಲ್ಲಿ ಚೈನಿನ ಹೊರಮೈಯನ್ನು ನಾಲ್ಕೂ ಕಡೆ ಹಿಡಿದು ಒರೆಸಿ. ಇಡೀ ಶಾಸ್ತ್ರವಿರುವುದು ಇಲ್ಲೇ. ಮುಟ್ಟಿದರೆ ಬೆರಳಿಗೆ ಪಸೆ ತಾಗಬೇಕು, ಹನಿ ಬರಬಾರದು. ಆದರೆ ಇದನ್ನು ಯಾರು ಮಾಡುತ್ತಾರೆ? ಡಬ್ಬಿಗೆ ನೂರಾರು ರೂಪಾಯಿ, ಅದನ್ನು ಹೊಡೆಯುವಾಗ ಫೋಟೋ ತೆಗೆಸಿಕೊಳ್ಳಬಹುದು. ಬನಿಯನ್ನು ಬಿಟ್ಟಿ, ಅದನ್ನು ಹಿಡಿದು ಕೂತವನ ಫೋಟೋ ಹೆತ್ತ ತಾಯಿಯೂ ತೆಗೆಯುವುದಿಲ್ಲ. ಹಾಗಾಗಿ ಕಂಪನಿಯವರಲ್ಲಿ ನನ್ನದೊಂದು ಅರಿಕೆ: ತೂತುಬಿದ್ದ ಬನಿಯನ್ನನ್ನೇ ಚೌಕವಾಗಿ ಕತ್ತರಿಸಿ, ಕರಿ ಡಬ್ಬಿಯಲ್ಲಿ ಮಡಿಸಿಟ್ಟು, ‘ಪ್ರೊ ಚೈನ್ ಫಿನಿಶಿಂಗ್ ಕ್ಲಾತ್’ ಅಂತ ಹೆಸರಿಟ್ಟು ಐನೂರು ರೂಪಾಯಿಗೆ ಮಾರಿ. ಮೂಲೆಮನೆ ಹುಡುಗ ಎರಡು ತರಿಸುತ್ತಾನೆ, ಆ ಜವಾಬ್ದಾರಿ ನನ್ನದು.