ಮೂರನೆಯದು ಎಲ್ಲಿ ಕೂರಬೇಕು ಸ್ವಾಮೀ?

ಮಕ್ಕಳನ್ನು ಹೆರುವ ವಿಷಯದಲ್ಲಿ ನಮ್ಮ ನಾಯಕರ ನಡುವೆ ಅಪರೂಪದ ಒಮ್ಮತ ಮೂಡಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರಿಗಷ್ಟೇ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಲು ಬಿಡುವ ಕಾನೂನು ತರಬೇಕೆಂದು ಚಂದ್ರಬಾಬು ನಾಯ್ಡು 2024ರ ಅಕ್ಟೋಬರ್‌ನಲ್ಲಿ ಹೇಳಿದರು. ಅದೇ ತಿಂಗಳು ಸ್ಟಾಲಿನ್, ಕ್ಷೇತ್ರ ಪುನರ್ವಿಂಗಡಣೆಯ ಚಿಂತೆಯಲ್ಲಿ, ಸಾಮೂಹಿಕ ವಿವಾಹದ ವೇದಿಕೆಯಲ್ಲೇ ಹದಿನಾರು ಮಕ್ಕಳ ಮಾತು ತೆಗೆದರು. ಡಿಸೆಂಬರ್ ಬರುವಷ್ಟರಲ್ಲಿ ನಾಗಪುರದಲ್ಲಿ ಮೋಹನ್ ಭಾಗವತರು ಮೂರಾದರೂ ಇರಲಿ ಎಂದರು. ಒಬ್ಬರಿಗೆ ಲೋಕಸಭೆಯಲ್ಲಿ ಸೀಟು ಕಡಿಮೆಯಾಗುವ ಭಯ, ಇನ್ನೊಬ್ಬರಿಗೆ ಸಮಾಜವೇ ಕರಗಿಹೋಗುವ ಭಯ. ಕರ್ನಾಟಕದ ಹೆಂಗಸರು ಸರಾಸರಿ 1.7ಕ್ಕೇ ನಿಲ್ಲಿಸಿದ್ದಾರೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿರುವುದರಿಂದ ಈ ಉಪದೇಶದಲ್ಲಿ ನಮಗೂ ಪಾಲುಂಟು. ಆದರೆ ಸಂಸತ್ತಿನ ಸೀಟಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವರು ಕಾರಿನ ಹಿಂದಿನ ಸೀಟಿನ ಬಗ್ಗೆ ಮಾತ್ರ ತುಟಿ ಬಿಚ್ಚಿಲ್ಲ.

ಮೂರನೆಯದು ಎಲ್ಲಿ ಕೂರಬೇಕು?

ಹೋಗಿ ಟೇಪು ಹಿಡಿದು ಅಳೆದು ನೋಡಿ. ನಮ್ಮ ಸಣ್ಣ ಕಾರುಗಳ ಹಿಂದಿನ ಸೀಟು ಭುಜದ ಮಟ್ಟದಲ್ಲಿ ಹೆಚ್ಚುಕಡಿಮೆ 130 ಸೆಂಟಿಮೀಟರ್. ಯುರೋಪಿನವರು ಮಕ್ಕಳ ಸೀಟಿಗೆ ‘ಐ-ಸೈಜ್’ ಎಂಬ ಅಳತೆ ಗೊತ್ತುಮಾಡಿದ್ದಾರೆ. ಅದರ ಅಗಲ 44 ಸೆಂಟಿಮೀಟರ್‌ವರೆಗೆ ಹೋಗಬಹುದು. ಮೂರು ನಲವತ್ತನಾಲ್ಕಲೆ ನೂರ ಮೂವತ್ತೆರಡು. ಕೇವಲ ಎರಡು ಸೆಂಟಿಮೀಟರ್ ಕೊರತೆ! ಇಡೀ ದೇಶದ ಜನಸಂಖ್ಯಾ ನೀತಿ ಆ ಎರಡು ಸೆಂಟಿಮೀಟರ್‌ನಲ್ಲಿ ಸಿಕ್ಕಿಬಿದ್ದು ಒದ್ದಾಡುತ್ತಿದೆ.

ಎಳೆದು ತುರುಕಿದರೆ ಹಿಡಿಸೀತು ಎನ್ನುವವರು ಕಾರಿನ ಹಿಂದಿನ ಮೆತ್ತೆಯ ಸಂದಿಗೆ ಕೈ ಹಾಕಲಿ. ಮಕ್ಕಳ ಸೀಟನ್ನು ಭದ್ರವಾಗಿ ಸಿಕ್ಕಿಸಲು ಅಲ್ಲಿ ಐಸೊಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿರುತ್ತವೆ. ಸಾಮಾನ್ಯವಾಗಿ ಅವು ಇರುವುದು ಕಿಟಕಿಯ ಪಕ್ಕದ ಎರಡು ಜಾಗಗಳಲ್ಲಿ ಮಾತ್ರ. ನಡುವೆ ಏನೂ ಇಲ್ಲ. ‘ನಾವಿಬ್ಬರು, ನಮಗಿಬ್ಬರು’ ಎಂದು ಸರ್ಕಾರ ಗೋಡೆಗಳ ಮೇಲೆ ಬರೆಸಿದ್ದ ಕೆಂಪು ತ್ರಿಕೋನ ಮಳೆಗೆ ಅಳಿಸಿಹೋಗಿ ಎಷ್ಟೋ ಕಾಲವಾಯಿತು. ಕಾರು ಕಂಪನಿಗಳು ಅದನ್ನೇ ವೆಲ್ಡಿಂಗ್ ಮಾಡಿ ಕೂರಿಸಿಬಿಟ್ಟಿವೆ.

ಹಾಗೆಂದು ಮೂರು ಸೀಟು ಹಿಡಿಸುವುದು ಅಸಾಧ್ಯವೇನಲ್ಲ. ಇದರಲ್ಲಿ ಪಳಗಿದ ತಾಯಂದಿರು ಅಮೆರಿಕದಲ್ಲೂ ಯುರೋಪಿನಲ್ಲೂ ಇದ್ದಾರೆ. ಅವರು ಹೇಳುವ ಉಪಾಯ ಇದು: ಮೂರೂ ಒಂದೇ ಜಾತಿಯ ಸೀಟು ತರಬೇಡಿ. ಎಲ್ಲದರ ಭುಜಗಳೂ ಒಂದೇ ಎತ್ತರಕ್ಕೆ ಬಂದು ಒಂದಕ್ಕೊಂದು ಗುದ್ದುತ್ತವೆ. ಕೂಸಿಗೆ ಹಿಮ್ಮುಖದ ಸೀಟು, ನಡುವಿನದಕ್ಕೆ ಮುಮ್ಮುಖದ್ದು, ದೊಡ್ಡದಕ್ಕೆ ಎತ್ತರಿಸಿ ಕೂರಿಸುವ ಬೂಸ್ಟರ್. ಆಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರುತ್ತದೆ. ಐಸೊಫಿಕ್ಸ್ ಬಿಟ್ಟು ಕಾರಿನ ಬೆಲ್ಟಿನಿಂದಲೇ ಬಿಗಿದರೆ ಸೀಟನ್ನು ಒಂದೆರಡು ಬೆರಳು ಅತ್ತಿತ್ತ ಸರಿಸಿಕೊಳ್ಳಬಹುದು. ಬಿಗಿದ ಮೇಲೆ ಬೆಲ್ಟು ಹಾಯುವ ಕಡೆ ಹಿಡಿದು ಅಲ್ಲಾಡಿಸಿ. ಒಂದಂಗುಲಕ್ಕಿಂತ ಹೆಚ್ಚು ಅಲುಗಿದರೆ ಮತ್ತೆ ಮೊದಲಿನಿಂದ.

ಹೇಳುವಾಗ ಸಲೀಸು. ಬೂಸ್ಟರ್‌ನಲ್ಲಿ ಕೂತ ದೊಡ್ಡ ಮಗುವಿನ ಬಕಲ್ ಪಕ್ಕದ ಸೀಟಿನ ಅಡಿಯಲ್ಲೆಲ್ಲೋ ಹುದುಗಿರುತ್ತದೆ. ಅದನ್ನು ತಡಕುವ ತಾಯಿಯ ಬೆರಳಿನ ಗೆಣ್ಣು ತರಚುತ್ತದೆ. ಹಿಮ್ಮುಖದ ಸೀಟಿಗೆ ಜಾಗ ಬೇಕೆಂದು ಮುಂದಿನ ಸೀಟನ್ನು ಎಳೆದುದರಿಂದ ಅಪ್ಪನ ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡಿರುತ್ತದೆ. ಮೂವರನ್ನೂ ಬಿಗಿದು ಬೆವರೊರೆಸಿಕೊಳ್ಳುವ ಹೊತ್ತಿಗೆ ಮೊದಲು ಬಿಗಿದವನಿಗೆ ಉಚ್ಚೆ ಬರುತ್ತದೆ. ಮೂರೋ ನಾಲ್ಕೋ ಮಕ್ಕಳನ್ನು ಸಾಲಾಗಿ ಕೂರಿಸುವ ‘ಮಲ್ಟಿಮ್ಯಾಕ್’ ಎಂಬ ಒಂದೇ ಹಲಗೆಯಂಥ ಸೀಟು ಬ್ರಿಟನ್ನಿನಲ್ಲಿದೆ. ಅದರ ಬೆಲೆಗೆ ನಮ್ಮಲ್ಲಿ ಒಂದು ಹಳೆಯ ಮಾರುತಿ 800 ಬಂದೀತು.

ಕಾನೂನು ನಮ್ಮಲ್ಲಿಲ್ಲವೆಂದು ಯಾರೂ ದೂರಬೇಕಾಗಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಎಂಬ ಕಲಮು ಸೇರಿದೆ. ಹದಿನಾಲ್ಕು ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ಒಂದು ಸೀಟಿಗೆ ಹತ್ತು ಸಾವಿರವೆಂದರೂ ಮೂರಕ್ಕೆ ಮೂವತ್ತು. ಅಂದರೆ ಮೂವತ್ತು ಸಲ ಸಿಕ್ಕಿಬೀಳುವವರೆಗೂ ಅಪ್ಪನಿಗೆ ಲಾಭವೇ! ಇನ್ನು ಸಿಕ್ಕಿಬೀಳುವ ಸಂಭವವೋ, ಗಾಡಿ ತಡೆದ ಪೊಲೀಸಪ್ಪ ಕಿಟಕಿಯಿಂದ ಇಣುಕಿ, ಅಮ್ಮನ ತೊಡೆಯ ಮೇಲಿರುವ ಕೂಸಿನ ಗಲ್ಲ ಹಿಂಡಿ, ಡ್ರೈವರನ ಹೊಗೆ ತಪಾಸಣೆ ಚೀಟಿ ಕೇಳುತ್ತಾನೆ.

ಅಲ್ಲಿಗೆ ನಮ್ಮ ರಾಷ್ಟ್ರೀಯ ಮಕ್ಕಳ ಸೀಟಿಗೆ ಬಂದೆವು: ತೊಡೆ. ಇದಕ್ಕೆ ಕೊಂಡಿ ಬೇಡ, ಬಕಲ್ ಬೇಡ, ಅವಧಿ ಮುಗಿಯುವ ತಾರೀಖಿಲ್ಲ. ಯಾವನಾದರೂ ಸಾಲ ಮಾಡಿ ಸೀಟು ತಂದು ಮಗುವನ್ನು ಬಿಗಿದನೆನ್ನಿ, ಪಕ್ಕದಲ್ಲಿ ಕೂತ ಅಜ್ಜಿ ಬಿಡುವುದುಂಟೆ? “ಅಯ್ಯೋ, ಕೂಸನ್ನ ಹೀಗೆ ಕಟ್ಟಿಹಾಕಿದೀಯಲ್ಲೋ, ಅಳ್ತಾ ಇದೆ, ಕೊಡೋ ಇಲ್ಲಿ!” ಊರ ಗೇಟು ದಾಟುವಷ್ಟರಲ್ಲಿ ಕೂಸು ಅಜ್ಜಿಯ ಮಡಿಲಲ್ಲಿ, ಬಾಳೆಹಣ್ಣಿನ ಚೀಲ ಮಕ್ಕಳ ಸೀಟಿನಲ್ಲಿ. ಹಣ್ಣಿಗೆ ಬೆಲ್ಟು ಹಾಕಿರುತ್ತಾರೆ, ಜಜ್ಜಬಾರದಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಢಿಕ್ಕಿಯಾಗಿ ನಿಂತರೆ ಹತ್ತು ಕಿಲೋ ಕೂಸು ಆ ಕ್ಷಣದಲ್ಲಿ ಇನ್ನೂರು ಕಿಲೋ ಮೂಟೆಯಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ತೋಳು ಭೀಮಸೇನನಿಗಿತ್ತೋ ಏನೋ, ಅಜ್ಜಿಗಂತೂ ಇಲ್ಲ.

ಇದು ಹಿಂದುಳಿದ ದೇಶದ ಲಕ್ಷಣ ಎಂದು ಮೂಗು ಮುರಿಯುವವರು ಅಮೆರಿಕದ ಟೆನೆಸಿ ರಾಜ್ಯದ ಕಥೆ ಕೇಳಬೇಕು. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ವರ್ಷಗಟ್ಟಲೆ ಶಾಸಕರ ಬೆನ್ನು ಬಿದ್ದಿದ್ದರಿಂದ ಆ ದೇಶದಲ್ಲೇ ಮೊದಲು, 1978ರಲ್ಲಿ, ಅಲ್ಲಿ ಮಕ್ಕಳ ಸೀಟು ಕಡ್ಡಾಯವಾಯಿತು. ಶಾಸಕರು ಮಾತ್ರ ಮೆಲ್ಲಗೆ ಒಂದು ವಿನಾಯಿತಿ ತೂರಿಸಿದ್ದರು: ಮಗುವನ್ನು ತೋಳಿನಲ್ಲಿ ಹಿಡಿದುಕೊಂಡರೂ ನಡೆದೀತು! ಸ್ಯಾಂಡರ್ಸ್ ಅದಕ್ಕೆ ಮಕ್ಕಳನ್ನು ಜಜ್ಜುವ ತಿದ್ದುಪಡಿ ಎಂದೇ ಹೆಸರಿಟ್ಟರು. ಅದನ್ನು ಕಿತ್ತುಹಾಕಿಸಲು 1981ರವರೆಗೆ ಬಡಿದಾಡಿದರು. ನಮ್ಮ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ. ಬೇಕಾಗಿಯೂ ಇಲ್ಲ. ಬರೆದದ್ದನ್ನು ಯಾರಾದರೂ ಪಾಲಿಸುವ ಕಡೆ ತಾನೆ ವಿನಾಯಿತಿ ಬರೆಯುವುದು.

ಮುಂದೆ ಆ ದೇಶದ ಎಲ್ಲ ರಾಜ್ಯಗಳಲ್ಲೂ ಕಾನೂನು ಬಂತು, ಸೀಟಿನಲ್ಲಿ ಕೂರಬೇಕಾದ ವಯಸ್ಸು ಏರುತ್ತ ಹೋಯಿತು. 2020ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ‘ಗರ್ಭನಿರೋಧಕವಾಗಿ ಕಾರ್ ಸೀಟು’ ಎಂಬ ತಲೆಬರಹದ ಪ್ರಬಂಧವನ್ನೇ ಬರೆದುಬಿಟ್ಟರು. ಈ ಕಾನೂನುಗಳಿಂದ 2017ರಲ್ಲಿ ಉಳಿದ ಮಕ್ಕಳ ಜೀವ 57. ಮೂರನೆಯ ಸೀಟಿಗೆ ಜಾಗವಿಲ್ಲವೆಂದು ಆ ವರ್ಷ ಹುಟ್ಟದೇ ಹೋದ ಮಕ್ಕಳು ಸುಮಾರು 8,000 ಎಂದು ಅವರ ಅಂದಾಜು. ಹುಟ್ಟದ ಮಕ್ಕಳ ತಲೆ ಎಣಿಸುವ ವಿದ್ಯೆ ಅರ್ಥಶಾಸ್ತ್ರಕ್ಕೇ ಮೀಸಲು. ಉಳಿದ ಆ ಐವತ್ತೇಳು ಮಕ್ಕಳಿಗೆ ಹೆಸರಿದೆ, ಶಾಲೆಯಿದೆ, ಜಗಳಕ್ಕೆ ತಮ್ಮ ತಂಗಿಯರಿದ್ದಾರೆ. ಎಂಟು ಸಾವಿರದ ಜೊತೆ ಅವರನ್ನು ತಕ್ಕಡಿಗೆ ಹಾಕಲು ನನಗಂತೂ ಮನಸ್ಸಿಲ್ಲ. ದಂಪತಿಗಳನ್ನು ಹೆದರಿಸಿದ್ದು ಸೀಟೋ, ಎರಡು ಸೆಂಟಿಮೀಟರ್ ಅಗಲ ಕೊಡದ ಕಾರೋ ಎಂದು ಕೇಳುವುದು ಬಿಟ್ಟು ಸೀಟಿನ ಮೇಲೇ ಗೂಬೆ ಕೂರಿಸಿದ್ದಾರೆ.

ನಮ್ಮಲ್ಲಿ ಈ ಗರ್ಭನಿರೋಧಕ ಕೆಲಸ ಮಾಡುವುದಿಲ್ಲವೆಂದು ನಾಯಕರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಕಾರು ಕೊಳ್ಳುವಾಗ ಹಿಂದಿನ ಸೀಟಿನ ಅಗಲ ಕೇಳುವವರಿಲ್ಲ. ಸನ್‌ರೂಫ್ ಇದೆಯಾ? ಎಂದು ಮೊದಲು ಕೇಳುವುದು ಅಪ್ಪನೇ. ಬೇಕಾಗಿದ್ದು ಮಕ್ಕಳಿಗೆ. ಎರಡು ಮಕ್ಕಳು ಸೀಟಿನ ಮೇಲೆ ನಿಂತು ಚಾವಣಿಯಿಂದ ತಲೆ ಹೊರಹಾಕಿದರೆ ಕೆಳಗೆ ಮೂರನೆಯದಕ್ಕೆ ಬೇಕಾದಷ್ಟು ಜಾಗ. ಬೆಂಗಳೂರಿನಲ್ಲೇ ಹಾಗೆ ನಿಂತ ಹುಡುಗನ ತಲೆ ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣದ ಕಮಾನಿಗೆ ಬಡಿದ ವಿಡಿಯೊ ಊರೆಲ್ಲ ನೋಡಿದೆ. ಶೋರೂಮಿನಲ್ಲಿ ಸನ್‌ರೂಫ್ ಇರುವ ಗಾಡಿಗೇ ಈಗಲೂ ಕಾಯಬೇಕು.

ಇಷ್ಟಾದರೂ ಯಾವ ತಾಯಿಗಾದರೂ ನಾಯಕರ ಮಾತು ನಡೆಸಬೇಕು, ಕಾಯ್ದೆಯನ್ನೂ ಮೀರಬಾರದು ಎನ್ನಿಸಿದರೆ ದಾರಿ ಇದ್ದೇ ಇದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಆಕೆಗೆ ಸರ್ಕಾರಿ ಬಸ್ಸು ಪುಕ್ಕಟೆ. ಆರು ತುಂಬದವಕ್ಕೆ ಟಿಕೆಟ್ ಮೊದಲಿನಿಂದಲೂ ಇಲ್ಲ. ಐಸೊಫಿಕ್ಸ್ ಹುಡುಕುವ ತಾಪತ್ರಯವಿಲ್ಲ, ಬೆಲ್ಟೇ ಇಲ್ಲದ ಕಡೆ ಬೆಲ್ಟು ಹಾಕಿಲ್ಲವೆಂದು ಯಾರೂ ಕೇಳುವುದಿಲ್ಲ. ಮೂರು ಮಕ್ಕಳನ್ನು ಹತ್ತಿಸಿ, ಮೂವರ ಸೀಟಿನಲ್ಲಿ ಸಾಲಾಗಿ ಕೂರಿಸಿ, ತಾನು ಕಂಬಿ ಹಿಡಿದು ನಿಂತವಳ ಕೈಗೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾನೆ. ಆಮೇಲೆ ಮಕ್ಕಳ ಕಡೆ ತಿರುಗಿ ನೋಡಿ ಹೇಳುತ್ತಾನೆ: “ಚಿಕ್ಕವನ್ನ ತೊಡೆ ಮೇಲೆ ಕೂರಿಸ್ಕೊಳಮ್ಮ, ಟಿಕೆಟ್ ತಗೊಂಡೋರು ನಿಂತವ್ರೆ.”