ನಾಮಕರಣ ಪುರೋಹಿತರ ಸನ್ನಿಧಾನಕ್ಕೆ

ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಹೆಸರಿಡುವ ಎನ್‌ವಿಡಿಯಾ ಪುರೋಹಿತೋತ್ತಮರೇ,

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ದುಡ್ಡು ಎಣಿಸಿಕೊಂಡು ನಿಂತ ಹುಡುಗನೊಬ್ಬನ ಪರವಾಗಿ ಈ ಪತ್ರ. ‘ಅಣ್ಣ, 3050 ಇದ್ಯಾ?’ ಎಂದು ಅವನು ಕೇಳುತ್ತಾನೆ. ‘ಯಾವ್ದು, ಆರಾ ಎಂಟಾ?’ ಎಂದು ಅಂಗಡಿಯವ ತಿರುಗಿ ಕೇಳುತ್ತಾನೆ. ಹುಡುಗನಿಗೆ ಸಿಕ್ಕಿದ್ದು ಒಳ್ಳೆಯ ಅಂಗಡಿ. ಕೇಳದೆ ಕಟ್ಟಿಕೊಡುವವರೂ ಉಂಟು.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲೂ ರೂಢಿ. ಅಣ್ಣ ತಮ್ಮ ಇಬ್ಬರಿಗೂ ಒಂದೇ ಹೆಸರಿಟ್ಟು, ತಮ್ಮನ ಎಲೆಗೆ ಮಾತ್ರ ಅರ್ಧ ಸೌಟು ಬಡಿಸುವ ಶಾಸ್ತ್ರ ತಮ್ಮದೇ. 2022ರಲ್ಲಿ ಹುಟ್ಟಿದ ಆರ್‌ಟಿಎಕ್ಸ್ 3050ಗೆ 8 ಜಿಬಿ ಮೆಮೊರಿ, 128 ಬಿಟ್ ಬಸ್, 2560 ಕೋರ್. 2024ರಲ್ಲಿ ಅದೇ ಹೆಸರಿನಲ್ಲಿ ಬಂದ ತಮ್ಮನಿಗೆ 6 ಜಿಬಿ, 96 ಬಿಟ್, 2304 ಕೋರ್. ತಮ್ಮನದೂ ಒಂದು ಗುಣ ಹೇಳಲೇಬೇಕು: 70 ವ್ಯಾಟ್ ಸಾಕು, ಬೇರೆ ಪವರ್ ಕೇಬಲ್ ಬೇಡ, ಹಳೆಯ ಆಫೀಸ್ ಪಿಸಿಯಲ್ಲೂ ತಣ್ಣಗೆ ಕೂರುತ್ತಾನೆ. ಅಷ್ಟು ಸಾಧುವಿಗೆ ಸ್ವಂತದ್ದೊಂದು ಹೆಸರು ಇಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಇದು ಹಳೆಯ ಚಾಳಿ. 2016ರ ಜಿಟಿಎಕ್ಸ್ 1060ರಲ್ಲಿ 6 ಜಿಬಿಯದಕ್ಕೆ 1280 ಕೋರ್, 3 ಜಿಬಿಯದಕ್ಕೆ 1152. ಕೊಂಡವರಲ್ಲಿ ಎಷ್ಟೋ ಮಂದಿ ಕಮ್ಮಿಯಾದದ್ದು ಮೆಮೊರಿ ಮಾತ್ರ ಎಂದುಕೊಂಡರು. ಜಿಟಿ 1030ರದ್ದಂತೂ ಕಣ್ಕಟ್ಟು. 2017ರಲ್ಲಿ ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ 48 ಜಿಬಿ ವೇಗ. ಮರುವರ್ಷ ಅದೇ ಹೆಸರಿನೊಳಗೆ ಡಿಡಿಆರ್4 ಸೇರಿತು, ವೇಗ 17 ಜಿಬಿಯೂ ಇಲ್ಲ.

ಹಾಗೆಂದು ತಮಗೆ ತಪ್ಪು ತಿದ್ದಿಕೊಳ್ಳಲು ಬಾರದು ಎನ್ನುವಂತಿಲ್ಲ. 2022ರಲ್ಲಿ ದುಬಾರಿ ಅಣ್ಣನ ಜೊತೆಗೆ 899 ಡಾಲರಿನ ಚಿಕ್ಕ ಕಾರ್ಡೊಂದಕ್ಕೂ 4080 ಎಂದೇ ಹೆಸರಿಟ್ಟಿರಿ. ಗಲಾಟೆಯಾಯಿತು. ಅಕ್ಟೋಬರಿನಲ್ಲಿ ಹಿಂತೆಗೆದುಕೊಂಡಿರಿ. ಜನವರಿಗೆ ಅದೇ ಕೂಸು 4070 ಟಿಐ ಆಗಿ, ನೂರು ಡಾಲರ್ ಇಳಿದು ಬಂತು. 900 ಡಾಲರ್ ಹಿಡಿದವನ ಕೂಗು ಕೇಳುವ ಕಿವಿಗೆ, 1030 ಕೊಳ್ಳುವವನ ಗೊಣಗಾಟ ಮಾತ್ರ ಮುಟ್ಟಲಿಲ್ಲ.

ಪಕ್ಕದ ಮಠದವರೂ ಕಡಿಮೆಯಿಲ್ಲ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಮದರ್‌ಬೋರ್ಡಿನೊಡನೆ ಮಾತಾಡಲು ನಾಲ್ಕೇ ಲೇನ್. ಹೊಸ ಬೋರ್ಡಿನಲ್ಲಿ ಅದು ಹೇಗೋ ಸರಿ, ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಏದುಸಿರು. ಅಗ್ಗದ ಕಾರ್ಡ್ ಕೊಳ್ಳುವವನ ಮನೆಯಲ್ಲಿ ಇರುವುದು ಹಳೆಯ ಬೋರ್ಡೇ ಅಲ್ಲವೇ ಸ್ವಾಮಿ! ಇಂಟೆಲ್‌ನ ಆರ್ಕ್ ಬಿ580 ಮಾತ್ರ 249 ಡಾಲರಿಗೆ 12 ಜಿಬಿ ಕೊಟ್ಟು ಮರ್ಯಾದೆ ಉಳಿಸಿತು. ಅದಕ್ಕೂ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇರುವ ಪಿಸಿಯೇ ಬೇಕು.

2025ರ ತಮ್ಮ 5060 ಟಿಐ, ಎಎಂಡಿಯ 9060 ಎಕ್ಸ್‌ಟಿ ಎರಡಕ್ಕೂ 8 ಜಿಬಿಯದೊಂದು, 16 ಜಿಬಿಯದೊಂದು ಜೋಡಿ. ಪ್ರತಿ ಜೋಡಿಯಲ್ಲೂ ಚಿಪ್ ಒಂದೇ, ಬಿಡುಗಡೆಯಾದಾಗ ಅಮೆರಿಕದ ಬೆಲೆಯಲ್ಲಿ ಅಂತರ 50 ಡಾಲರ್ ಇತ್ತು. ಹುಡುಗನಿಗೆ ಸಲಹೆ: ಇನ್ನೆರಡು ತಿಂಗಳು ಕಾದರೂ ಸರಿ, 16ರದ್ದನ್ನೇ ತಗೋ.

ತಮ್ಮಲ್ಲಿ ವಿನಂತಿ ಇಷ್ಟೇ. ಡಬ್ಬದ ಮೇಲೆ ಹೆಸರು ಎಷ್ಟು ದಪ್ಪಕ್ಷರದಲ್ಲಿದೆಯೋ ಅಷ್ಟೇ ದಪ್ಪಕ್ಷರದಲ್ಲಿ ಮೆಮೊರಿ, ಬಸ್, ಕೋರ್‌ಗಳ ಲೆಕ್ಕವನ್ನೂ ಅಚ್ಚು ಹಾಕಿಸಿ.

ಇತಿ,
18% ಜಿಎಸ್‌ಟಿ ಸಮೇತ ತಮ್ಮ ವಿಧೇಯ ಗ್ರಾಹಕ