ಟೇಕಾಡೆ ಭಾವಜಿಯನ್ನು ನಗದೆ ಆಲಿಸಿದ ವಿಮರ್ಶಕರಿಗೆ

ಮಾನ್ಯ ವಿಮರ್ಶಕ ಮಹೋದಯರೇ,

ಓಝರ್‌ನ ಎಚ್‌ಎಎಲ್ ಟೌನ್‌ಶಿಪ್‌ನಿಂದ ನಿವೃತ್ತ ಇನ್‌ಸ್ಪೆಕ್ಟರನೊಬ್ಬನ ನಮಸ್ಕಾರಗಳು. ಮುಂಬಯಿ ಆಕಾಶವಾಣಿಯ ಹಳೆಯ ಮರಾಠಿ ಬಾನುಲಿ ನಾಟಕ ‘ಪುನ್ಹಾ ಪ್ರಪಂಚ’ದ ಹಾಸ್ಯಜೋಡಿಯ ಬಗ್ಗೆ ತಾವು ಬರೆದ ಪ್ರಬಂಧವನ್ನು ಅಡಿಟಿಪ್ಪಣಿ ಸಮೇತ ಓದಿದೆ. ಹಾಸ್ಯದ ಬಗ್ಗೆ ಇಷ್ಟುದ್ದ ಬರೆದೂ ಓದುಗನ ತುಟಿ ಅಲುಗದಂತೆ ನೋಡಿಕೊಂಡಿದ್ದೀರಿ. ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಪ್ರಭಾಕರ ಜೋಶಿಯವರ ಪಂತರು ‘ಮಧ್ಯಮವರ್ಗದ ವಿಘಟಿತ ಪ್ರಜ್ಞೆ’ಯಂತೆ. ನಾವು ಪಾಪದ ಸಂಸಾರಸ್ಥ ಅಂದುಕೊಂಡಿದ್ದೆವು. ಬಾಳ ಕುಡತರಕರರ ಟೇಕಾಡೆ ಭಾವಜಿ ಪಂತರ ಮನೆಗೆ ಬಂದು ಕೂರುವುದು ‘ಖಾಸಗಿ ಆವರಣದ ಅತಿಕ್ರಮಣ’ವಂತೆ. ಸ್ವಾಮಿ, ನಮ್ಮ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದವರು ಬರುತ್ತಿದ್ದುದೇ ಹಾಗೆ. ಚಹಾ ಕೊಟ್ಟು ಕಳಿಸುತ್ತಿದ್ದೆವು, ಸಿದ್ಧಾಂತ ಕಟ್ಟುತ್ತಿರಲಿಲ್ಲ.

ರಂಗಸಜ್ಜಿಕೆ ಬಡವಾಯಿತು ಎಂದೂ ಕೊರಗಿದ್ದೀರಿ. ಅದು ರೇಡಿಯೊ. ಕೈಯಲ್ಲಿ ಹಾಳೆ ಹಿಡಿದು, ಮಗುಚಿದ ಸದ್ದು ಮೈಕಿಗೆ ಬೀಳದಂತೆ ನೋಡಿಕೊಳ್ಳುತ್ತ, ಬರೀ ದನಿಯಲ್ಲಿ ಒಂದು ಮನೆಯನ್ನೇ ಎಬ್ಬಿಸಿ ನಿಲ್ಲಿಸಬೇಕು. ಪರದೆ ಎಲ್ಲಿಂದ ತರುತ್ತಾರೆ?

ಇಷ್ಟೆಲ್ಲ ಸಹಿಸಿಕೊಂಡೆ. ಆದರೆ ‘ಜೋಡಿ’ ಎಂದಿರಲ್ಲ, ಅಲ್ಲಿ ತಡೆಯಲಾಗಲಿಲ್ಲ. ಗಂಡಸರ ದರ್ಬಾರನ್ನು ಖಂಡಿಸಲು ಇಡೀ ಒಂದು ಅಧ್ಯಾಯ ಮೀಸಲಿಟ್ಟ ತಾವು, ಪಂತರ ಮನೆಯ ಮೀನಾ ವಹಿನಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ! ಆ ದನಿ ನೀಲಂ ಪ್ರಭು ಅವರದು. ಮುಂದೆ ಸಂಗೀತ ನಿರ್ದೇಶಕ ಯಶವಂತ ದೇವ್ ಅವರನ್ನು ಮದುವೆಯಾಗಿ ಕರುಣಾ ದೇವ್ ಆದರು. 1964ರಲ್ಲಿ ಮಿಗ್-21 ವಿಮಾನಕ್ಕಾಗಿ ಓಝರ್‌ನಲ್ಲಿ ಕಾರ್ಖಾನೆ ಎದ್ದ ಮೇಲೆ ಬೆಂಗಳೂರಿನಿಂದ ಬಂದು ಬಿದ್ದವರು ನಾವು. ನಮ್ಮ ಮನೆಯಾಕೆ ಮರಾಠಿ ಕಲಿತದ್ದು ಮೀನಾ ವಹಿನಿಯ ಬಾಯಿಂದಲೇ. ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡುವಾಗಲೂ ಅದೇ ರಾಗ, ಅದೇ ಎಳೆತ. ತರಕಾರಿಯವನು ನಕ್ಕು ದರ ಇಳಿಸುತ್ತಿದ್ದ.

ನಾನು ರಿವೆಟ್ ಪರೀಕ್ಷಿಸಿ ಅನ್ನ ಉಂಡವನು. ರಿವೆಟಿನ ತಲೆ ಕೂದಲೆಳೆಯಷ್ಟು ಮೇಲೆದ್ದರೂ ಗುರುತು ಹಾಕುತ್ತಿದ್ದೆ. ಗಾಂಭೀರ್ಯ ನನಗೂ ಹೊಸದಲ್ಲ. ಆದರೆ ಅಳೆಯುವ ಮೊದಲು ಎಣಿಸು ಎಂಬುದು ನಮ್ಮಲ್ಲಿ ಮೊದಲ ಪಾಠ. ಮೂರರಲ್ಲಿ ಒಂದನ್ನು ಬಿಟ್ಟ ವರದಿಗೆ ನಮ್ಮ ಶಾಪಿನಲ್ಲಿ ಸಹಿ ಬೀಳುತ್ತಿರಲಿಲ್ಲ.

ತಮ್ಮ ಮುಂದಿನ ಗುರಿ ಬೆಂಗಳೂರು ಆಕಾಶವಾಣಿಯ ಈರಣ್ಣ, ಅಂದರೆ ನಮ್ಮ ಎ.ಎಸ್. ಮೂರ್ತಿಯವರು ಎಂದು ಸುದ್ದಿ. ಈ ಸಲ ಮೊದಲು ಕೇಳಿ, ಆಮೇಲೆ ಬರೆಯಿರಿ. ನಡುವೆ ನಗು ಬಂದುಬಿಟ್ಟರೆ ಗಾಬರಿ ಬೇಡ, ಅಡಿಟಿಪ್ಪಣಿಯಲ್ಲಿ ನಮೂದಿಸಿದರಾಯಿತು.

ಇಂತಿ,
ಓಝರ್‌ನ ಒಬ್ಬ ಕೇಳುಗ